ತೂಕ ಇಳಿಯುತ್ತಿದೆ, ಆದರೆ ಊಟವೇ ಸೇರುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ, ಎತ್ತರ 160 ಸೆಂಟಿಮೀಟರ್. ಸಕ್ಕರೆ ಕಾಯಿಲೆ ಇಲ್ಲ, ಬಿಪಿಗೆ ದಿನಾ ಒಂದು ಮಾತ್ರೆ ಇದೆ. ತೂಕ ಇಳಿಸಲು ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ತಿಂಗಳು 0.25, ಎರಡನೇ ತಿಂಗಳು 0.5. ಆಗ ಅಷ್ಟೇನೂ ತೊಂದರೆ ಇರಲಿಲ್ಲ. ಈಗ 1 ಮಿಲಿಗ್ರಾಂ, ಮೂರು ಇಂಜೆಕ್ಷನ್ ಆಯಿತು. ಪ್ರತಿ ಸಲ ಮೂರು ದಿನ ವಾಕರಿಕೆ, ಕಳೆದ ವಾರ ಎರಡು ಸಲ ವಾಂತಿಯೂ ಆಯಿತು. ಊಟ ಸೇರುವುದೇ ಇಲ್ಲ, ಕೆಲವು ದಿನ ಸಂಜೆಯವರೆಗೂ ಏನೂ ತಿಂದಿರುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಮಲವಿಸರ್ಜನೆ. ಎದ್ದು ನಿಂತರೆ ತಲೆಸುತ್ತು. ಒಂದು ವಾರದಿಂದ ಕೂದಲೂ ಉದುರುತ್ತಿದೆ. ವಾಂತಿ ನಿಲ್ಲಲು ಪರಿಚಯದವರು ಕೊಟ್ಟ ಮಾತ್ರೆ ನುಂಗುತ್ತಿದ್ದೇನೆ. 92 ಕಿಲೋ ಇದ್ದವಳು 85ಕ್ಕೆ ಬಂದಿದ್ದೇನೆ, ಆ ಖುಷಿ ಇದೆ. ನನ್ನ ಜೊತೆಗೇ ಶುರು ಮಾಡಿದ ಗೆಳತಿ ಆಗಲೇ 12 ಕಿಲೋ ಇಳಿದಿದ್ದಾಳೆ. ಇನ್ನೆರಡು ವಾರಕ್ಕೆ ನಾನು 1.7ಕ್ಕೆ ಏರಬೇಕು. ಏರಲಾ? ನಮ್ಮ ಯಜಮಾನರು ‘ಅದು ಹಲ್ಲಿಯ ವಿಷದಿಂದ ಮಾಡಿದ್ದಂತೆ, ಬಿಟ್ಟುಬಿಡು’ ಎನ್ನುತ್ತಾರೆ. ಬಿಟ್ಟರೆ ತೂಕ ವಾಪಸ್ ಬರುತ್ತದಂತೆ, ನಿಜವಾ? ಮುಂದಿನ ತಿಂಗಳು ಹತ್ತು ದಿನದ ಪ್ರಯಾಣವೂ ಇದೆ.

ಉತ್ತರ: ನೀವು ಇಷ್ಟೆಲ್ಲ ಕೇಳಿದ್ದೀರಿ, ಆದರೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನೀವು ಹಾಗೇ ದಾಟಿಸಿಬಿಟ್ಟ ಒಂದು ಮಾತು. ಎದ್ದು ನಿಂತರೆ ತಲೆಸುತ್ತು. ಅಲ್ಲಿಂದಲೇ ಶುರು ಮಾಡೋಣ. ಉಳಿದದ್ದಕ್ಕೆ ಒಂದೆರಡು ವಾರ ಸಮಯವಿದೆ, ಇದಕ್ಕೆ ಇಲ್ಲ.

ನೀವು ಬಿಪಿ ಮಾತ್ರೆ ಶುರು ಮಾಡಿದ್ದು 92 ಕಿಲೋ ಇದ್ದಾಗ, ಮೂರು ಹೊತ್ತು ಉಣ್ಣುತ್ತಿದ್ದಾಗ. ಈಗ ಏಳು ಕಿಲೋ ಇಳಿದಿದೆ. ತೂಕ ಇಳಿದರೆ ಬಿಪಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಅದರ ಮೇಲೆ ಊಟ ಕಡಿಮೆ, ನೀರು ಕಡಿಮೆ, ವಾಂತಿ ಬೇರೆ. ಊಟದ ಜೊತೆ ಹೊಟ್ಟೆಗೆ ಹೋಗುತ್ತಿದ್ದ ಉಪ್ಪು, ನೀರು ಎರಡೂ ತಪ್ಪಿಹೋಗಿವೆ. ಮಾತ್ರೆ ಮಾತ್ರ ಹಳೆಯ ಲೆಕ್ಕದಲ್ಲೇ ಬಿಪಿ ಇಳಿಸುತ್ತಿದೆ. ನಿಂತ ಕೂಡಲೇ ಕಣ್ಣು ಕತ್ತಲೆ ಬರುವುದಕ್ಕೆ ಇಷ್ಟು ಸಾಕು. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ. ಇನ್ನು ಕೆಲವು ಮೂತ್ರಪಿಂಡದೊಳಗಿನ ರಕ್ತದ ಒತ್ತಡವನ್ನೇ ತಗ್ಗಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ಈ ಎರಡೂ ಬಗೆಯವು ಮೂತ್ರಪಿಂಡಕ್ಕೆ ಏಟು ಕೊಡಬಲ್ಲವು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಕೂತಾಗ ಒಮ್ಮೆ, ಎದ್ದು ಒಂದೆರಡು ನಿಮಿಷ ನಿಂತ ಮೇಲೆ ಇನ್ನೊಮ್ಮೆ ಬಿಪಿ ನೋಡಿಸಿ, ಎರಡೂ ಅಂಕಿ ಬರೆದುಕೊಂಡು ನಿಮ್ಮ ವೈದ್ಯರಿಗೆ ಈ ವಾರವೇ ಹೇಳಿ. ಮೂತ್ರಪಿಂಡದ ರಕ್ತಪರೀಕ್ಷೆಯನ್ನೂ ಅವರು ಮಾಡಿಸಬಹುದು. ಬಿಪಿ ಮಾತ್ರೆಯ ಪ್ರಮಾಣ ಇಳಿಸಬೇಕಾಗಿ ಬಂದರೆ ಅದು ಒಳ್ಳೆಯ ಸುದ್ದಿಯೇ.

ಈಗ ನಿಮ್ಮ ದೊಡ್ಡ ಪ್ರಶ್ನೆ. 1.7ಕ್ಕೆ ಏರಬೇಕಾ? ಈ ಸ್ಥಿತಿಯಲ್ಲಿ ಬೇಡ. 1 ಮಿಲಿಗ್ರಾಂನಲ್ಲೇ ಇನ್ನೊಂದು ನಾಲ್ಕು ವಾರ ಇದ್ದು ನೋಡುವುದು ಸರಿ ಎಂದು ನನ್ನ ಅಭಿಪ್ರಾಯ. ವಾಂತಿ ಮುಂದುವರಿದರೆ 0.5ಕ್ಕೆ ಇಳಿಯುವುದೂ ಇದೆ. ಅದನ್ನು ನಿಮ್ಮ ವೈದ್ಯರ ಜೊತೆ ಕೂತು ತೀರ್ಮಾನಿಸಿ. ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಈ ಔಷಧಿ ಮೈಯಲ್ಲಿ ಹೇಗೆ ಸೇರಿಕೊಳ್ಳುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಉಂಡ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ‘ಊಟ ಬಂದಿದೆ, ಇನ್ನು ಸಾಕು’ ಎಂದು ಮಿದುಳಿಗೂ ಹೊಟ್ಟೆಗೂ ಹೇಳುವುದು ಅದರ ಕೆಲಸಗಳಲ್ಲಿ ಒಂದು. ಆದರೆ ಅದು ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಸೆಮಾಗ್ಲುಟೈಡ್ ಅದೇ ಹಾರ್ಮೋನಿನ ಮಾರ್ಪಡಿಸಿದ ರೂಪ. ಚುಚ್ಚಿದ ಔಷಧಿಯಲ್ಲಿ ಅರ್ಧದಷ್ಟು ಖಾಲಿಯಾಗಲು ಸುಮಾರು ಒಂದು ವಾರ ಬೇಕು. ಅಷ್ಟರಲ್ಲಿ ಮುಂದಿನ ಇಂಜೆಕ್ಷನ್ ಬಂದಿರುತ್ತದೆ. ಹಾಗಾಗಿ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ.

ನಿಮ್ಮದೇ ಲೆಕ್ಕ ಹಾಕೋಣ. ಸ್ವಲ್ಪ ಸರಳ ಮಾಡಿ ಹೇಳುತ್ತೇನೆ. 0.5ರಲ್ಲಿ ನಾಲ್ಕು ವಾರ ಕಳೆದಾಗ, ಚುಚ್ಚಿಕೊಂಡ ದಿನ ನಿಮ್ಮ ಮೈಯಲ್ಲಿ ಹೆಚ್ಚುಕಡಿಮೆ 1 ಮಿಲಿಗ್ರಾಂ ಔಷಧಿ ಇತ್ತು. ವಾರ ಕಳೆದು ಅದು ಅರ್ಧವಾಯಿತು. ಅದರ ಮೇಲೆ ಹೊಸ ಡೋಸ್ 1 ಬಿತ್ತು. ಒಟ್ಟು 1.5. ಮುಂದಿನ ವಾರ 1.75. ಅದರ ಮುಂದಿನ ವಾರ 1.87. ಅಂದರೆ ಮೂರು ವಾರವೂ ನೀವು ಒಂದೇ ಡೋಸ್ ಹಾಕಿಕೊಂಡಿದ್ದೀರಿ, ಆದರೆ ಮೈಗೆ ಮೂರು ಸಲವೂ ಬೇರೆ ಬೇರೆ ಮಟ್ಟ. ಕಳೆದ ವಾರವೇ ವಾಂತಿ ಆದದ್ದರಲ್ಲಿ ಆಶ್ಚರ್ಯವಿಲ್ಲ. ಇದೇ ಡೋಸ್‌ನಲ್ಲಿ ಮುಂದುವರಿದರೆ ಮಟ್ಟ 2ರ ಹತ್ತಿರ ಹೋಗಿ ನಿಂತುಬಿಡುತ್ತದೆ, ಇನ್ನು ಏರುವುದಿಲ್ಲ. ಮಟ್ಟ ಸ್ಥಿರವಾಗಿದ್ದರೆ ಹೊಟ್ಟೆಯೂ ಮಿದುಳೂ ನಿಧಾನಕ್ಕೆ ಒಗ್ಗಿಕೊಳ್ಳುತ್ತವೆ. ಆ ಒಗ್ಗಿಕೊಳ್ಳುವ ಅವಕಾಶ ನಿಮಗಿನ್ನೂ ಸಿಕ್ಕಿಯೇ ಇಲ್ಲ. ಅದಕ್ಕೆ ಮೊದಲೇ 1.7 ಹಾಕಿಕೊಂಡರೆ ಮೊದಲ ದಿನವೇ ಒಟ್ಟು 2.7 ಆಗುತ್ತದೆ. ಈಗಿನ ತೊಂದರೆಯೇ ತಡೆಯಲಾಗದವರಿಗೆ ಅದು ಬೇಕಾ?

ಕಂಪನಿಯ ಸೂಚನೆಯಲ್ಲಿ 0.25, 0.5, 1, 1.7, 2.4 ಎಂದು ತಿಂಗಳಿಗೊಂದು ಮೆಟ್ಟಿಲು ಬರೆದಿರುತ್ತದೆ, ನಿಜ. ಅದೇ ಸೂಚನೆಯಲ್ಲಿ, ತಡೆಯಲಾಗದಿದ್ದರೆ ಏರಿಕೆಯನ್ನು ನಾಲ್ಕು ವಾರ ಮುಂದೂಡಬಹುದು ಎಂದೂ ಇದೆ. ಆ ಸಾಲನ್ನು ಯಾರೂ ಓದುವುದಿಲ್ಲ. ತುದಿಯ ಡೋಸ್ ಮುಟ್ಟುವುದೇ ಗುರಿ ಅಂದುಕೊಂಡು ಹಲ್ಲು ಕಚ್ಚಿಕೊಂಡು ಏರುತ್ತಾರೆ. ನಾನು ನೋಡುವ ಗುರಿ ಬೇರೆ. ತೂಕ ಇಳಿಯುತ್ತಿರಬೇಕು, ಜೊತೆಗೆ ಹೊತ್ತಿಗೆ ಸರಿಯಾಗಿ ಇಷ್ಟಾದರೂ ಉಣ್ಣಲು ಆಗಬೇಕು. ಈ ಎರಡೂ ಕೂಡಿಬರುವ ಡೋಸ್ ನಿಮ್ಮ ಡೋಸ್. ಅದು 1 ಇರಬಹುದು, 1.7 ಇರಬಹುದು. ಹಸಿವೇ ಸತ್ತುಹೋಗುವಂತೆ ಮಾಡುವುದು ಈ ಚಿಕಿತ್ಸೆಯ ಉದ್ದೇಶವಲ್ಲ. ಸಂಜೆಯವರೆಗೂ ಏನೂ ತಿನ್ನಲಿಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ನಾನು ಔಷಧಿಯ ಯಶಸ್ಸು ಎಂದು ಎಣಿಸುವುದಿಲ್ಲ.

ಗೆಳತಿಯ 12 ಕಿಲೋ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅವರ ಔಷಧಿ ಯಾವುದು ಎಂದು ಕೇಳಿದ್ದೀರಾ? ಟಿರ್ಜೆಪಟೈಡ್ ಎಂಬ ಇನ್ನೊಂದು ಔಷಧಿ ಇದೆ, ಮೌಂಜಾರೋ ಹೆಸರಿನಲ್ಲಿ ಬರುವುದು. ಅದು ಜಿಎಲ್‌ಪಿ-1 ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಎರಡನ್ನೂ ನೇರವಾಗಿ ಹೋಲಿಸಿದ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು. 72 ವಾರಗಳಲ್ಲಿ ಟಿರ್ಜೆಪಟೈಡ್ ಪಡೆದವರ ತೂಕ ಸರಾಸರಿ ಶೇ. 20.2ರಷ್ಟು, ಸೆಮಾಗ್ಲುಟೈಡ್ ಪಡೆದವರದ್ದು ಶೇ. 13.7ರಷ್ಟು ಇಳಿಯಿತು. ಇಬ್ಬರದ್ದೂ ಒಂದೇ ಔಷಧಿಯಾದರೂ ಮೈಯಿಂದ ಮೈಗೆ ತುಂಬಾ ವ್ಯತ್ಯಾಸವಿರುತ್ತದೆ. 2021ರ ದೊಡ್ಡ ಸೆಮಾಗ್ಲುಟೈಡ್ ಅಧ್ಯಯನದಲ್ಲಿ 68 ವಾರಗಳಿಗೆ ಸರಾಸರಿ ಇಳಿಕೆ ಶೇ. 14.9. ಅದರಲ್ಲೇ ಸುಮಾರು ಮೂರರಲ್ಲಿ ಒಂದು ಪಾಲು ಜನ ಶೇ. 20ಕ್ಕಿಂತ ಜಾಸ್ತಿ ಇಳಿದರು, ಇನ್ನು ಕೆಲವರು ಶೇ. 5 ಕೂಡ ಇಳಿಯಲಿಲ್ಲ. ನೀವು ಹನ್ನೊಂದು ವಾರದಲ್ಲಿ ಶೇ. 7ಕ್ಕಿಂತ ಜಾಸ್ತಿ ಇಳಿದಿದ್ದೀರಿ, ಅದೂ ಪೂರ್ತಿ ಡೋಸ್ ಮುಟ್ಟುವ ಮೊದಲೇ. ಅವಸರಕ್ಕೆ ಕಾರಣವೇ ಇಲ್ಲ.

ಇನ್ನು ವಾಕರಿಕೆಗೆ ಬರೋಣ. ಅದೇ 2021ರ ಅಧ್ಯಯನದಲ್ಲಿ ಶೇ. 44 ಜನರಿಗೆ ವಾಕರಿಕೆ ಆಗಿತ್ತು. ಔಷಧಿಯಿಲ್ಲದ ಇಂಜೆಕ್ಷನ್ ಪಡೆದವರಲ್ಲೂ ಶೇ. 17 ಜನ ವಾಕರಿಕೆ ಎಂದರು, ಅದು ಬೇರೆ ಮಾತು. ಆದರೆ ಹೊಟ್ಟೆಯ ತೊಂದರೆ ತಾಳಲಾರದೆ ಔಷಧಿ ಬಿಟ್ಟವರು ಶೇ. 4.5 ಮಾತ್ರ. ಅಂದರೆ ಬಹಳ ಜನ ಹೇಗೋ ದಾಟುತ್ತಾರೆ. ದಾಟುವುದಕ್ಕೆ ಕೆಲವು ಉಪಾಯಗಳಿವೆ.

ಈ ಔಷಧಿ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಮಿದುಳಿನಲ್ಲಿ ವಾಕರಿಕೆ ಹುಟ್ಟಿಸುವ ಜಾಗವನ್ನೂ ತಟ್ಟುತ್ತದೆ. ಮಿದುಳಿನದ್ದಕ್ಕೆ ಕಾಲವೇ ಮದ್ದು. ಹೊಟ್ಟೆಯದ್ದು ನಿಮ್ಮ ಕೈಯಲ್ಲಿದೆ. ಹೊಟ್ಟೆಯಲ್ಲಿ ಬೆಳಗಿನದ್ದೇ ಇನ್ನೂ ಕೂತಿರುವಾಗ ಅದರ ಮೇಲೆ ಹಳೆಯ ಅಳತೆಯ ಊಟ ಹಾಕಿದರೆ ಅದು ಮೇಲೆ ಬರದೆ ಇನ್ನೇನು ಮಾಡೀತು? ಹಳೆಯ ಊಟದ ಅರ್ಧ ಬಡಿಸಿಕೊಳ್ಳಿ, ಸಣ್ಣ ತಟ್ಟೆಯಲ್ಲಿ. ನಿಧಾನಕ್ಕೆ ಅಗಿದು ತಿನ್ನಿ. ‘ಇನ್ನೆರಡು ತುತ್ತು’ ಎನ್ನಿಸುವಾಗಲೇ ಕೈ ತೊಳೆಯಿರಿ, ಯಾಕೆಂದರೆ ಈಗ ನಿಮ್ಮ ವಿಷಯದಲ್ಲಿ ವಾಂತಿ ಕಾದಿರುವುದು ಆ ಕೊನೆಯ ಎರಡು ತುತ್ತಿನಲ್ಲೇ. ತಟ್ಟೆಯಲ್ಲಿ ಉಳಿಸಬಾರದು ಎಂದು ಬೆಳೆದವರಿಗೆ ಇದು ಕಷ್ಟ, ಗೊತ್ತು. ಅದಕ್ಕೇ ಮೊದಲೇ ಕಡಿಮೆ ಬಡಿಸಿಕೊಳ್ಳಿ ಎಂದದ್ದು. ಎಣ್ಣೆ, ಕೊಬ್ಬು ಜಾಸ್ತಿ ಇರುವುದು ಹೊಟ್ಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುತ್ತದೆ. ಇಂಜೆಕ್ಷನ್ ಆದ ಮೂರು ದಿನ ಕರಿದದ್ದು ಪೂರ್ತಿ ಬಿಡಿ. ಉಂಡ ಕೂಡಲೇ ಮಲಗಬೇಡಿ, ಎರಡು ಮೂರು ಗಂಟೆ ಕಳೆಯಲಿ. ಊಟದ ಜೊತೆ ಲೋಟಗಟ್ಟಲೆ ನೀರು ಬೇಡ. ಊಟದ ನಡುವಿನ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿ ಅಡುಗೆಯ ವಾಸನೆಗೇ ಹೊಟ್ಟೆ ತೊಳಸುವುದಾದರೆ ಆರಿದ್ದು, ತಣ್ಣಗಿರುವುದು ತಿನ್ನಿ. ಕೆಲವರಿಗೆ ಶುಂಠಿ ಹಿತ ಕೊಡುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ತೇಗು ಬರುತ್ತಿದ್ದರೆ ಗಾಬರಿ ಬೇಡ, ಹೊಟ್ಟೆಯಲ್ಲಿ ಊಟ ಜಾಸ್ತಿ ಹೊತ್ತು ಕೂತದ್ದರ ಗುರುತು ಅದು. ಊಟದ ಅಳತೆ ಇಳಿಸಿದರೆ ಅದೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಒಂದು ತಮಾಷೆ ಎಂದರೆ, ಪೂರ್ತಿ ಖಾಲಿ ಹೊಟ್ಟೆಯೂ ವಾಕರಿಕೆ ತರುತ್ತದೆ. ‘ವಾಕರಿಕೆ ಇದೆ, ಅದಕ್ಕೆ ತಿನ್ನಲಿಲ್ಲ, ತಿನ್ನಲಿಲ್ಲ, ಅದಕ್ಕೆ ವಾಕರಿಕೆ’ ಎಂದು ಒಂದು ಸುಳಿಗೆ ಬಹಳ ಜನ ಸಿಕ್ಕಿಬೀಳುತ್ತಾರೆ. ನೀವೂ ಅಲ್ಲೇ ಇದ್ದೀರಿ ಎಂದು ನನಗೆ ಅನುಮಾನ. ಹಸಿವಿಗೆ ಕಾಯಬೇಡಿ. ಈ ಔಷಧಿಯಲ್ಲಿ ಇರುವಷ್ಟು ದಿನ ಗಡಿಯಾರ ನೋಡಿ ತಿನ್ನಬೇಕು. ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ, ಬೇಕೆನಿಸದಿದ್ದರೂ.

ಇಂಜೆಕ್ಷನ್ ಆದ ಮೇಲೆ ಒಂದರಿಂದ ಮೂರು ದಿನದೊಳಗೆ ಔಷಧಿಯ ಮಟ್ಟ ತುದಿ ಮುಟ್ಟುತ್ತದೆ. ನಿಮ್ಮ ಮೂರು ಕೆಟ್ಟ ದಿನಗಳು ಅವೇ. ಅವು ಕೆಲಸ ಕಡಿಮೆ ಇರುವ ದಿನಗಳಲ್ಲಿ ಬೀಳುವಂತೆ ಇಂಜೆಕ್ಷನ್ನಿನ ದಿನವನ್ನು ಬದಲಾಯಿಸಿಕೊಳ್ಳಬಹುದು. ಎರಡು ಇಂಜೆಕ್ಷನ್ ನಡುವೆ ಕನಿಷ್ಠ 48 ಗಂಟೆ ಇರಬೇಕು ಎಂಬುದು ನಿಯಮ. ಆದರೆ ನಿಮಗೆ ಹತ್ತಿರಕ್ಕೆ ತರುವುದಕ್ಕಿಂತ ಒಂದೆರಡು ದಿನ ಮುಂದಕ್ಕೆ ಹಾಕಿ ಬದಲಾಯಿಸುವುದೇ ಒಳ್ಳೆಯದು. ಹೊಟ್ಟೆ ಬಿಟ್ಟು ತೊಡೆಗೆ ಚುಚ್ಚಿಕೊಂಡರೆ ವಾಕರಿಕೆ ಕಡಿಮೆ ಎಂದು ಯಾರಾದರೂ ಹೇಳಿರಬಹುದು. ಹೊಟ್ಟೆ, ತೊಡೆ, ತೋಳು, ಎಲ್ಲಿಂದಲಾದರೂ ಔಷಧಿ ಒಂದೇ ರೀತಿ ಮೈಗೆ ಸೇರುತ್ತದೆ. ಬೇಕಿದ್ದರೆ ಮಾಡಿ ನೋಡಿ, ನಷ್ಟವಿಲ್ಲ. ಒಂದೇ ಜಾಗಕ್ಕೆ ಪ್ರತಿ ವಾರ ಚುಚ್ಚಬೇಡಿ, ಅಷ್ಟೆ.

ಪರಿಚಯದವರು ಕೊಟ್ಟ ಮಾತ್ರೆ ಯಾವುದು? ಅದರ ಹಾಳೆಯ ಹಿಂಭಾಗ ನೋಡಿ. ‘ಒಂಡಾನ್ಸೆಟ್ರಾನ್’ ಎಂದಿದ್ದರೆ ನಿಮ್ಮ ಎರಡು ಸಮಸ್ಯೆಗಳ ಗಂಟು ಅಲ್ಲೇ ಇದೆ. ವಾಂತಿಗೆ ಅದು ಒಳ್ಳೆಯ ಔಷಧಿಯೇ, ಆದರೆ ಮಲ ಕಟ್ಟಿಸುತ್ತದೆ. ಸೆಮಾಗ್ಲುಟೈಡ್ ಆಗಲೇ ಮಲಬದ್ಧತೆ ತರುತ್ತದೆ. ಇದೂ ಸೇರಿದರೆ ನಾಲ್ಕೈದು ದಿನ ಹೊಟ್ಟೆ ಕಟ್ಟುವುದು ಸಹಜ. ಹೊಟ್ಟೆ ಕಟ್ಟಿದರೆ ಮತ್ತೆ ವಾಕರಿಕೆ, ಅದಕ್ಕೆ ಮತ್ತೆ ಮಾತ್ರೆ. ಇಂಥ ಮಾತ್ರೆಯನ್ನು ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ಹೃದಯದ ಬಡಿತದ ತೊಂದರೆ ಇರುವವರಂತೂ ತಾವಾಗಿಯೇ ಮುಟ್ಟಲೇಬಾರದು. ದಿನಾ ವಾಂತಿ ಮಾತ್ರೆ ನುಂಗಿದರೆ ಮಾತ್ರ ದಿನ ದೂಡಲು ಸಾಧ್ಯ ಎಂದಾದರೆ, ನನ್ನ ಲೆಕ್ಕದಲ್ಲಿ ಡೋಸ್ ಜಾಸ್ತಿಯಾಗಿದೆ ಎಂದೇ ಅರ್ಥ.

ಮಲಬದ್ಧತೆಗೆ ಜನ ಮೊದಲು ಮಾಡುವುದು ನಾರಿನ ಪುಡಿ ತಂದು ಚಮಚಗಟ್ಟಲೆ ತಿನ್ನುವುದು. ನೀರು ಕುಡಿಯದೆ ನಾರು ತಿಂದರೆ ಕಟ್ಟುವುದು ಇನ್ನೂ ಜಾಸ್ತಿ. ಹೊಟ್ಟೆ ನಿಧಾನವಿರುವಾಗ ಒಮ್ಮೆಗೇ ಜಾಸ್ತಿ ನಾರು ಹಾಕಿದರೆ ಉಬ್ಬರವೂ ಬರುತ್ತದೆ. ಮೊದಲು ನೀರು ಸರಿಮಾಡಿಕೊಳ್ಳಿ. ಮೂತ್ರ ತಿಳಿ ಹಳದಿ ಬಣ್ಣಕ್ಕೆ ಬರುವಷ್ಟು. ಆಮೇಲೆ ಹಣ್ಣು, ತರಕಾರಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಬೆಳಿಗ್ಗೆ ಏನಾದರೂ ತಿಂದ ಮೇಲೆ ಅವಸರವಿಲ್ಲದೆ ಶೌಚಕ್ಕೆ ಕೂರುವ ಅಭ್ಯಾಸ ಮಾಡಿ. ದಿನಾ ನಡೆಯಿರಿ. ಇಷ್ಟಕ್ಕೂ ಜಗ್ಗದಿದ್ದರೆ ಮ್ಯಾಕ್ರೋಗಾಲ್ ಎಂಬ ಪುಡಿ ಇದೆ, ನೀರಿನಲ್ಲಿ ಕಲಸಿ ಕುಡಿಯುವುದು. ಅದು ಕರುಳಿನಲ್ಲಿ ನೀರು ಹಿಡಿದಿಟ್ಟು ಮಲ ಮೆತ್ತಗೆ ಮಾಡುತ್ತದೆ. ಎಷ್ಟು, ಎಷ್ಟು ದಿನ ಎಂದು ವೈದ್ಯರನ್ನು ಕೇಳಿ. ವಾರಗಟ್ಟಲೆ ತಡೆದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ಏನು ತಿನ್ನಬೇಕು ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ತಟ್ಟೆಯಲ್ಲಿ ಮೊದಲು ಪ್ರೋಟೀನ್ ತಿನ್ನಿ, ಹೊಟ್ಟೆಯಲ್ಲಿ ಜಾಗ ಉಳಿದರೆ ಮಿಕ್ಕದ್ದು. ತೂಕ ಇಳಿಯುವಾಗ ಬರೀ ಕೊಬ್ಬು ಇಳಿಯುವುದಿಲ್ಲ. ಇಳಿದ ತೂಕದಲ್ಲಿ ಕಾಲು ಭಾಗದಿಂದ ಸುಮಾರು ಐದರಲ್ಲಿ ಎರಡು ಭಾಗದವರೆಗೆ ಕೊಬ್ಬಲ್ಲದ ಮೈಯಿಂದ ಹೋಗಿರುತ್ತದೆ. ಸ್ನಾಯು ಅದರಲ್ಲಿ ಸೇರಿದೆ. ನಲವತ್ತು ದಾಟಿದ ಮೇಲೆ ಹೋದ ಸ್ನಾಯು ಸುಲಭಕ್ಕೆ ವಾಪಸ್ ಬರುವುದಿಲ್ಲ, ಅಲ್ವಾ? ನಿಮ್ಮ ಮೂತ್ರಪಿಂಡ ಚೆನ್ನಾಗಿದ್ದರೆ ದಿನಕ್ಕೆ 80 ಗ್ರಾಂ ಪ್ರೋಟೀನ್ ಹತ್ತಿರ ಹೋಗಲು ನೋಡಿ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಹಸಿವಿಲ್ಲದ ಹೊಟ್ಟೆಗೆ 80 ಗ್ರಾಂ ಸುಲಭವಲ್ಲ. ಕೆಟ್ಟ ದಿನಗಳಲ್ಲಿ ಅಗಿಯುವ ಬದಲು ಕುಡಿಯುವ ರೂಪದಲ್ಲಿ ತೆಗೆದುಕೊಂಡರೂ ಆದೀತು. ನಡಿಗೆ ಒಳ್ಳೆಯದು, ಆದರೆ ಸ್ನಾಯು ಉಳಿಸಲು ನಡಿಗೆಯಷ್ಟೇ ಸಾಲದು. ವಾರಕ್ಕೆ ಎರಡು ಮೂರು ಸಲ ಸ್ನಾಯುವಿಗೆ ಭಾರ ಬೀಳುವ ಕೆಲಸ ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಮೈ ಹಿಂದೆ ಮುಂದೆ ಮಾಡುವುದು, ಕೈಯಲ್ಲಿ ಭಾರ ಹಿಡಿದು ಎತ್ತುವುದು. ತಲೆಸುತ್ತು ಹೋದ ಮೇಲೆ ಶುರು ಮಾಡಿ, ಈಗಲೇ ಬೇಡ.

ಕೂದಲು ಉದುರುವುದು ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಹೆದರಿಸಿರಬಹುದು. ನನಗೆ ಅದರ ಬಗ್ಗೆಯೇ ಎಲ್ಲಕ್ಕಿಂತ ಕಡಿಮೆ ಚಿಂತೆ. ತೂಕ ಬೇಗ ಇಳಿದಾಗ, ಊಟ ತಗ್ಗಿದಾಗ, ಮೈ ಒಂದಷ್ಟು ಕೂದಲನ್ನು ಅವಧಿಗೆ ಮುಂಚೆಯೇ ವಿಶ್ರಾಂತಿಗೆ ಕಳಿಸುತ್ತದೆ. ಎರಡು ಮೂರು ತಿಂಗಳ ಮೇಲೆ ಅವೆಲ್ಲ ಒಟ್ಟಿಗೇ ಉದುರುತ್ತವೆ. ಹೆರಿಗೆಯ ನಂತರ ಕೂದಲು ಉದುರುವುದೂ ಹೀಗೆಯೇ. ನಿಮ್ಮದು ಹನ್ನೊಂದನೇ ವಾರ, ಸರಿಯಾಗಿ ಹೊಂದುತ್ತದೆ. ಬೇರು ಸತ್ತಿರುವುದಿಲ್ಲ, ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಕಬ್ಬಿಣದಂಶ, ಥೈರಾಯ್ಡ್ ಎರಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಕೂದಲಿಗೆಂದು ಮಾರುವ ಮಾತ್ರೆಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಹಿಸಿಕೊಂಡು ಸಂಭಾಳಿಸಬಹುದಾದ ತೊಂದರೆ. ಕಾಯಬಾರದ ತೊಂದರೆಗಳೂ ಇವೆ. ಮೇಲ್ಹೊಟ್ಟೆಯಲ್ಲಿ ಬಿಡದೆ ಜೋರು ನೋವು ಬಂದು ಬೆನ್ನಿಗೆ ಹೊಡೆಯುತ್ತಿದ್ದರೆ ಅದು ಮೇದೋಜ್ಜೀರಕ ಗ್ರಂಥಿಯ ಉರಿಯೂತ ಇರಬಹುದು. ಬಲ ಪಕ್ಕೆಲುಬಿನ ಕೆಳಗೆ ನೋವು, ಜ್ವರ, ಕಣ್ಣು ಹಳದಿ ಆದರೆ ಪಿತ್ತಕೋಶದ ಕಲ್ಲಿನ ಅನುಮಾನ. ತೂಕ ಬೇಗ ಇಳಿದರೆ ಕಲ್ಲು ಆಗುವ ಸಾಧ್ಯತೆ ಜಾಸ್ತಿ, ಈ ಔಷಧಿಯೂ ಅದಕ್ಕೆ ಸ್ವಲ್ಪ ಕೂಡಿಸುತ್ತದೆ. ಇಡೀ ದಿನ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರವೇ ಹೋಗದಿದ್ದರೆ, ಹೊಟ್ಟೆ ಉಬ್ಬಿ ಗ್ಯಾಸ್ ಕೂಡ ಹೋಗದೆ ವಾಂತಿ ಆಗುತ್ತಿದ್ದರೆ, ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮುಂದಿನ ಇಂಜೆಕ್ಷನ್ ಹಾಕಿಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವ ಓದುಗರು ಇದನ್ನು ಓದುತ್ತಿದ್ದರೆ, ಅವರಿಗೆ ಸಕ್ಕರೆ ಒಮ್ಮೆಗೇ ಕುಸಿಯುವ ಅಪಾಯವೂ ಇದೆ. ಆ ಔಷಧಿಗಳ ಪ್ರಮಾಣವನ್ನು ಮೊದಲೇ ಮಾತಾಡಿಕೊಳ್ಳಬೇಕು. ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಈ ಔಷಧಿಯನ್ನು ಕೊಡುವುದಿಲ್ಲ. ಶುರುವಿನಲ್ಲೇ ಇದನ್ನು ಕೇಳಿರಬೇಕು. ಕೇಳಿರದಿದ್ದರೆ ನೀವೇ ಹೇಳಿ.

ಆಪರೇಷನ್ ಅಥವಾ ಎಂಡೋಸ್ಕೋಪಿ ನಿಗದಿಯಾದರೆ ಅರಿವಳಿಕೆ ಕೊಡುವ ವೈದ್ಯರಿಗೆ ಈ ಇಂಜೆಕ್ಷನ್ ವಿಷಯ ಮೊದಲೇ ತಿಳಿಸಿ. ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆ ಖಾಲಿ ಇರುತ್ತದೆ ಎಂಬ ಭರವಸೆ ಇಲ್ಲ. 43 ಅಂದರೆ ಗರ್ಭ ನಿಲ್ಲುವ ವಯಸ್ಸು ಇನ್ನೂ ಮುಗಿದಿಲ್ಲ, ತೂಕ ಇಳಿದಾಗ ಆ ಸಾಧ್ಯತೆ ಹೆಚ್ಚುವುದೂ ಉಂಟು. ಮಗು ಬೇಕೆಂದಿದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ನಿಮ್ಮ ಗೆಳತಿ ಟಿರ್ಜೆಪಟೈಡ್ ಜೊತೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಅವರಿಗೆ ಒಂದು ಮಾತು ತಿಳಿಸಿ. ಶುರು ಮಾಡಿದಾಗ, ಮತ್ತೆ ಪ್ರತಿ ಸಲ ಡೋಸ್ ಏರಿಸಿದಾಗ, ನಾಲ್ಕು ವಾರ ಆ ಮಾತ್ರೆಯೊಂದನ್ನೇ ನಂಬಬಾರದು.

ಈಗ ಯಜಮಾನರ ಹಲ್ಲಿ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದಕ್ಕೇ ಸುದ್ದಿ ಹಬ್ಬುತ್ತದೆ. ಅಮೆರಿಕದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಇದೆ. ಅದರ ವಿಷದಲ್ಲಿ ಜಿಎಲ್‌ಪಿ-1 ಥರವೇ ಕೆಲಸ ಮಾಡುವ ಒಂದು ವಸ್ತು 1990ರ ದಶಕದಲ್ಲಿ ಸಿಕ್ಕಿತು. ಅದನ್ನು ನೋಡಿ ಪ್ರಯೋಗಾಲಯದಲ್ಲಿ ಮಾಡಿದ ಎಕ್ಸೆನಟೈಡ್ ಈ ಗುಂಪಿನ ಮೊದಲ ಔಷಧಿ, 2005ರಲ್ಲಿ ಸಕ್ಕರೆ ಕಾಯಿಲೆಗೆಂದು ಬಂತು. ಅದರಲ್ಲೂ ವಿಷ ಇರಲಿಲ್ಲ. ನಿಮ್ಮ ಸೆಮಾಗ್ಲುಟೈಡ್‌ಗಂತೂ ಹಲ್ಲಿಯ ನಂಟೇ ಇಲ್ಲ. ಅದು ಮನುಷ್ಯರದ್ದೇ ಹಾರ್ಮೋನಿನ ರೂಪ, ಯೀಸ್ಟ್ ಬಳಸಿ ತಯಾರಿಸುತ್ತಾರೆ. ಅವರಿಗೆ ಇದನ್ನು ಹೇಳಿ. ಆದರೆ ಜಗಳ ಮಾಡಬೇಡಿ. ಹೆಂಡತಿ ಮೂರು ದಿನ ಊಟ ಬಿಟ್ಟು ವಾಂತಿ ಮಾಡುವುದನ್ನು ನೋಡಿದವರು ‘ಬಿಡು’ ಎನ್ನುವುದು ಸಹಜ. ವಾಕರಿಕೆ ಹತೋಟಿಗೆ ಬಂದರೆ ಅವರ ವಿರೋಧವೂ ಕರಗಬಹುದು.

ಬಿಟ್ಟರೆ ತೂಕ ವಾಪಸ್ ಬರುತ್ತದಾ? ಬಹುಪಾಲು ಜನರಿಗೆ, ಹೌದು. 2021ರ ಅಧ್ಯಯನದಲ್ಲಿದ್ದವರಲ್ಲಿ ಒಂದಷ್ಟು ಜನರನ್ನು ಔಷಧಿ ನಿಲ್ಲಿಸಿದ ಮೇಲೂ ಒಂದು ವರ್ಷ ನೋಡಿದರು. ಇಳಿದದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಇದನ್ನು ಮನಸ್ಸಿನ ದೌರ್ಬಲ್ಯ ಎಂದುಕೊಳ್ಳಬೇಡಿ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುತ್ತದಲ್ಲ, ಹಾಗೆಯೇ ಇದೂ. ಔಷಧಿ ಇರುವಷ್ಟು ದಿನ ತಲೆಯಲ್ಲಿ ಊಟದ ಯೋಚನೆ ಗದ್ದಲ ಮಾಡುವುದಿಲ್ಲ. ಹೋದ ಮೇಲೆ ಕೆಲವೇ ವಾರದಲ್ಲಿ ಹಳೆಯ ಹಸಿವು ಎದ್ದು ಕೂರುತ್ತದೆ. ಆದ್ದರಿಂದ ಇದನ್ನು ‘ಆರು ತಿಂಗಳ ಕೋರ್ಸ್’ ಎಂದು ಶುರು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟು ವರ್ಷ, ಯಾವ ಡೋಸ್‌ನಲ್ಲಿ, ನಿಲ್ಲಿಸುವುದಾದರೆ ಹೇಗೆ ಎಂದು ವೈದ್ಯರ ಜೊತೆ ಈಗಲೇ ಮಾತಾಡಿ. ನಿಮಗೆ ಈ ಔಷಧಿ ಒಗ್ಗುವುದೇ ಇಲ್ಲ ಎಂದು ಕೊನೆಗೆ ಗೊತ್ತಾದರೆ ನಿಲ್ಲಿಸುವುದರಲ್ಲಿ ಅವಮಾನವೇನಿಲ್ಲ, ಬೇರೆ ದಾರಿಗಳಿವೆ. ಆದರೆ ಮೂರು ವಾರದ ವಾಕರಿಕೆ ನೋಡಿ ಆ ತೀರ್ಮಾನಕ್ಕೆ ಬರಲಾಗದು.

ಕೊನೆಗೆ ಪ್ರಯಾಣ. ಔಷಧಿ ತುಂಬಿದ ಇಂಜೆಕ್ಷನ್ ಪೆನ್ನನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೊರಗೆ ಕೆಲವು ವಾರ ತಡೆಯುತ್ತದೆ, 30 ಡಿಗ್ರಿ ಮೀರದಿದ್ದರೆ. ಎಷ್ಟು ದಿನ ಎಂಬುದು ಪೆನ್ನಿನಿಂದ ಪೆನ್ನಿಗೆ ಬೇರೆ, ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ. ಬಿಸಿಗಿಂತ ದೊಡ್ಡ ಶತ್ರು ಹಿಮಗಟ್ಟುವುದು. ಒಮ್ಮೆ ಗಟ್ಟಿಯಾದ ಪೆನ್ ಮತ್ತೆ ಕರಗಿದರೂ ಬಿಸಾಡಬೇಕು. ಐಸ್ ಚೀಲಕ್ಕೆ ನೇರವಾಗಿ ತಾಗಿಸದೆ ಬಟ್ಟೆ ಸುತ್ತಿ ಇಡಿ. ವಿಮಾನದಲ್ಲಾದರೆ ಕೈಚೀಲದಲ್ಲೇ ಇರಲಿ, ಔಷಧಿ ಚೀಟಿಯ ಜೊತೆ. ಇಂಜೆಕ್ಷನ್ ದಿನ ತಪ್ಪಿಹೋದರೆ ಐದು ದಿನದೊಳಗೆ ನೆನಪಾದಾಗ ಹಾಕಿಕೊಳ್ಳಿ. ಅದೂ ದಾಟಿದ್ದರೆ ಆ ವಾರದ್ದು ಬಿಟ್ಟು ಮುಂದಿನ ನಿಗದಿತ ದಿನಕ್ಕೆ ಕಾಯಿರಿ, ಎರಡನ್ನು ಒಟ್ಟಿಗೆ ಹಾಕಬೇಡಿ. ಎರಡು ಅಥವಾ ಹೆಚ್ಚು ವಾರ ತಪ್ಪಿದ್ದರೆ ನಿಲ್ಲಿಸಿದ ಡೋಸ್‌ನಿಂದಲೇ ಶುರು ಮಾಡುವ ಮೊದಲು ವೈದ್ಯರಿಗೆ ಫೋನ್ ಮಾಡಿ, ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಬೇಕಾಗಬಹುದು. ಇನ್ನೊಂದು ಮಾತು. ಮುಂದೆ ಯಾವತ್ತಾದರೂ 1.7ಕ್ಕೆ ಏರುವುದಾದರೆ ಅದರ ಮೊದಲ ಇಂಜೆಕ್ಷನ್ ಈ ಪ್ರಯಾಣದ ಹತ್ತು ದಿನದೊಳಗೆ ಬರದಂತೆ ನೋಡಿಕೊಳ್ಳಿ. ಊರಿಗೆ ಮರಳಿ ಎರಡು ಮೂರು ದಿನ ಕಳೆದ ಮೇಲೆ, ನಿಮ್ಮ ವೈದ್ಯರು ಫೋನಿಗೆ ಸಿಗುವ ದಿನ ನೋಡಿ ಹಾಕಿಕೊಂಡರೆ ಸಾಕು.